ಗೋಲ್ಡ್ ಕೀ ಸಿಗುವುದು ಎಂಥ ಪ್ರಬಂಧಕ್ಕೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಈ ಸೆಪ್ಟೆಂಬರ್‌ಗೆ ಹತ್ತನೇ ತರಗತಿ. ಸ್ಕೊಲಾಸ್ಟಿಕ್ ಅವಾರ್ಡ್ಸ್‌ಗೆ ಒಂದು ಪರ್ಸನಲ್ ಎಸ್ಸೆ ಕಳಿಸು ಎಂದು ಅವಳ ಇಂಗ್ಲಿಷ್ ಟೀಚರ್ ಹೇಳಿದ್ದಾರೆ. ಪ್ರಶಸ್ತಿ ಬಂದ ಪ್ರಬಂಧಗಳನ್ನು ಹುಡುಕಿ ಓದಿದರೆ ಬಹಳಷ್ಟರಲ್ಲಿ ಸಾವು, ಕಾಯಿಲೆ, ಮನೆ ಒಡೆದದ್ದು. ಇವಳ ಬದುಕಿನಲ್ಲಿ ಅಂಥದ್ದೇನೂ ಆಗಿಲ್ಲ. ಏನು ಬರೆಯಬೇಕು? ನಾವು ಎಷ್ಟರ ಮಟ್ಟಿಗೆ ತಿದ್ದಬಹುದು? ಮನೆಯ ವಿಷಯ ಬರೆದರೆ ತೊಂದರೆಯೇ? ಕಾಲೇಜು ಪ್ರವೇಶಕ್ಕೆ ಇದು ಉಪಯೋಗವಾಗುತ್ತದೆಯೇ? ಮೈಸೂರಿನಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನನ್ನ ಅಣ್ಣನ ಮಗನೂ ಕಳಿಸಬಹುದೇ?

ಉತ್ತರ: ನಿಯಮಗಳನ್ನು ಮೊದಲು ಮುಗಿಸಿಬಿಡೋಣ, ಹೇಳಬೇಕಾದ್ದು ಇರುವುದು ಬೇರೆ ಕಡೆ. ಸ್ಕೊಲಾಸ್ಟಿಕ್ ಆರ್ಟ್ ಅಂಡ್ ರೈಟಿಂಗ್ ಅವಾರ್ಡ್ಸ್ 1923ರಲ್ಲಿ ಮೌರಿಸ್ ರಾಬಿನ್‌ಸನ್ ಶುರುಮಾಡಿದ ಸ್ಪರ್ಧೆ. ಈಗ ಅದನ್ನು ಅಲಯನ್ಸ್ ಫಾರ್ ಯಂಗ್ ಆರ್ಟಿಸ್ಟ್ಸ್ ಅಂಡ್ ರೈಟರ್ಸ್ ಎಂಬ ಲಾಭರಹಿತ ಸಂಸ್ಥೆ ನಡೆಸುತ್ತದೆ. ಮುಂದೆ ಹೆಸರಾಂತ ಲೇಖಕರಾದ ಸಿಲ್ವಿಯಾ ಪ್ಲಾತ್, ಟ್ರೂಮನ್ ಕಪೋಟಿ ಶಾಲಾದಿನಗಳಲ್ಲಿ ಗೆದ್ದದ್ದು ಇದನ್ನೇ. 7ರಿಂದ 12ನೇ ತರಗತಿಯಲ್ಲಿರುವ, 13 ವರ್ಷ ತುಂಬಿದವರು ಕಳಿಸಬಹುದು. ಅಮೆರಿಕ, ಕೆನಡಾ, ಹೊರದೇಶಗಳಲ್ಲಿರುವ ಅಮೆರಿಕನ್ ಶಾಲೆಗಳು, ಇಷ್ಟೇ ಇದರ ವ್ಯಾಪ್ತಿ. ಹಾಗಾಗಿ ಮೈಸೂರಿನ ಹುಡುಗನಿಗೆ ಇಲ್ಲಿ ಜಾಗವಿಲ್ಲ. ಅವನಿಗೆ ಬೇರೆ ದಾರಿಗಳಿವೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮಗಳು ಕಳಿಸಬೇಕಾದ ವಿಭಾಗದ ಹೆಸರು ಪರ್ಸನಲ್ ಎಸ್ಸೆ ಅಂಡ್ ಮೆಮ್ವಾರ್, ಅಂದರೆ ಸ್ವಂತ ಅನುಭವದ ಪ್ರಬಂಧ ಮತ್ತು ನೆನಪಿನ ಬರಹ. ಉದ್ದ 500ರಿಂದ 3,000 ಪದ. ಸೆಪ್ಟೆಂಬರ್‌ನಲ್ಲಿ ಆನ್‌ಲೈನ್ ಖಾತೆ ತೆರೆಯಬಹುದು. ಕೊನೆಯ ದಿನ ಪ್ರದೇಶದಿಂದ ಪ್ರದೇಶಕ್ಕೆ ಬೇರೆ, ಡಿಸೆಂಬರ್‌ನಿಂದ ಜನವರಿಯ ಮೊದಲ ದಿನಗಳವರೆಗೆ ಎಲ್ಲಿಯಾದರೂ ಬೀಳಬಹುದು. ಗೆಳತಿಯ ಶಾಲೆಯಲ್ಲಿ ಹೇಳಿದ ತಾರೀಕನ್ನು ನಂಬಬೇಡಿ, ಸ್ಪರ್ಧೆಯ ಜಾಲತಾಣದಲ್ಲಿ ನಿಮ್ಮ ಪ್ರದೇಶದ ಪುಟದಲ್ಲೇ ನೋಡಿ. ಒಂದು ಕೃತಿಗೆ ಶುಲ್ಕ ಸಾಮಾನ್ಯವಾಗಿ 10 ಡಾಲರ್. ಕಷ್ಟವಿದ್ದವರಿಗೆ ವಿನಾಯಿತಿ ಇದೆ, ಅದಕ್ಕೊಂದು ಅರ್ಜಿ ತುಂಬಿದರೆ ಸಾಕು. ಪೋಷಕರು ಸಹಿ ಹಾಕಬೇಕಾದ ಒಂದು ನಮೂನೆಯೂ ಇರುತ್ತದೆ. ಪ್ರಬಂಧ ಅಪ್‌ಲೋಡ್ ಆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈ ನಮೂನೆಯನ್ನು ಮರೆತು ಅನರ್ಹರಾಗುವ ಅಪಾಯವಿದೆ.

ತೀರ್ಪು ಎರಡು ಹಂತದಲ್ಲಿ. ಪ್ರದೇಶದ ಮಟ್ಟದಲ್ಲಿ ಗೋಲ್ಡ್ ಕೀ, ಸಿಲ್ವರ್ ಕೀ, ಆನರಬಲ್ ಮೆನ್ಷನ್. ಗೋಲ್ಡ್ ಕೀ ಬಂದವು ಮಾತ್ರ ರಾಷ್ಟ್ರಮಟ್ಟಕ್ಕೆ ಹೋಗುತ್ತವೆ. ಅಲ್ಲಿ ಗೋಲ್ಡ್ ಮೆಡಲ್, ಸಿಲ್ವರ್ ಮೆಡಲ್. ಪ್ರತಿ ಪ್ರದೇಶವೂ ತನ್ನ ಗೋಲ್ಡ್ ಕೀಗಳಲ್ಲಿ ಐದನ್ನು ಆರಿಸಿ ವಿಶೇಷ ಪದಕವೊಂದಕ್ಕೆ ಹೆಸರಿಸುತ್ತದೆ, ಅದು ಒಬ್ಬರಿಗೆ ಸಿಗುತ್ತದೆ. ಕಲೆ, ಬರವಣಿಗೆ ಎರಡೂ ಸೇರಿ ಈಚಿನ ವರ್ಷಗಳಲ್ಲಿ ಸುಮಾರು 3 ಲಕ್ಷ ಕೃತಿಗಳು ಬರುತ್ತಿವೆ. ರಾಷ್ಟ್ರ ಪದಕ ಮುಟ್ಟುವುದು ಅದರಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ಆದ್ದರಿಂದ ಮೊದಲ ಸಲ ಕಳಿಸುವವರು ಪ್ರದೇಶದ ಕೀ ಮೇಲೆ ಕಣ್ಣಿಟ್ಟರೆ ಸಾಕು. ಓದುವವರಿಗೆ ಬರೆದವರ ಹೆಸರು, ಊರು, ಶಾಲೆ ಯಾವುದೂ ಕಾಣುವುದಿಲ್ಲ, ಆದ್ದರಿಂದ ಹಸ್ತಪ್ರತಿಯ ತಲೆಬರಹದಲ್ಲಿ ಹೆಸರು ಹಾಕಕೂಡದು. ನೋಡುವುದು ಮೂರನ್ನು: ಸ್ವಂತಿಕೆ, ಕೌಶಲ, ಮತ್ತು ಬರೆದವರದೇ ಆದ ಒಂದು ದನಿ.

ಈ ಮೂರರಲ್ಲಿ ‘ದೊಡ್ಡ ಘಟನೆ’ ಎಂಬ ಅಂಕಣವಿಲ್ಲ, ಗಮನಿಸಿದಿರಾ? ನಿಮ್ಮ ಮುಖ್ಯ ಆತಂಕಕ್ಕೆ ಉತ್ತರ ಅಲ್ಲೇ ಇದೆ. ಸಾವು, ಕಾಯಿಲೆಯ ಪ್ರಬಂಧಗಳು ಪ್ರಶಸ್ತಿ ಪಟ್ಟಿಯಲ್ಲಿ ಹೆಚ್ಚು ಕಾಣುವುದಕ್ಕೆ ಒಂದು ಕಾರಣ, ಕಳಿಸಿದವುಗಳಲ್ಲೂ ಅವೇ ಹೆಚ್ಚಿರಬಹುದು. ಸೋತವುಗಳಲ್ಲಿ ಎಷ್ಟು ಸಾವುಗಳಿವೆ ಎಂಬುದು ನಮಗೆ ಕಾಣುವುದಿಲ್ಲ. ಗೆದ್ದವನ್ನು ಇನ್ನೊಮ್ಮೆ ಓದಿ. ಅಲ್ಲಿ ಹಿಡಿದು ನಿಲ್ಲಿಸುವುದು ಸಾವಲ್ಲ. ಸತ್ತವರ ಮನೆಯಲ್ಲಿ ಒಂಬತ್ತು ವರ್ಷದ ಮಗುವೊಂದು ಬಂದವರ ಚಪ್ಪಲಿ ಎಣಿಸುತ್ತ ಕೂತದ್ದು, ಎಣಿಸುತ್ತಿದ್ದುದಕ್ಕೆ ಆಮೇಲೆ ನಾಚಿದ್ದು, ನಾಚಬೇಕಿತ್ತೇ ಎಂದು ಹದಿನಾರರಲ್ಲಿ ಕೇಳಿಕೊಂಡದ್ದು, ಇಂಥವು. ಒಂದು ಮನಸ್ಸು ಪುಟದ ಮೇಲೆಯೇ ಯೋಚಿಸುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಬೇಕು. ಅದು ನಡೆದರೆ ವಿಷಯ ಬಸ್ ಪಾಸ್ ಆದರೂ ನಡೆಯುತ್ತದೆ. ಅದು ನಡೆಯದಿದ್ದರೆ ಭೂಕಂಪ ಬರೆದರೂ ಓದುಗ ಅಲುಗುವುದಿಲ್ಲ.

ವಿಷಯ ಹುಡುಕುವ ಕೆಲಸವನ್ನು ‘ನನ್ನ ಬದುಕಿನ ಮರೆಯಲಾಗದ ಘಟನೆ ಯಾವುದು’ ಎಂಬ ಪ್ರಶ್ನೆಯಿಂದ ಶುರುಮಾಡಬೇಡಿ. ಅದಕ್ಕೆ ಎಲ್ಲರಿಗೂ ಬರುವ ಉತ್ತರ ಹತ್ತು ಹನ್ನೆರಡೇ. ಬದಲಿಗೆ ಎರಡು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲಿ, ದಿನಕ್ಕೆ ಎರಡು ಮೂರು ಸಾಲು. ಬರೆಯಬೇಕಾದ್ದು ಮೂರು ಬಗೆಯವು: ನಾನು ಹೇಳಿದ ಸಣ್ಣ ಸುಳ್ಳುಗಳು, ಮನೆಯಲ್ಲಿ ಎಲ್ಲರೂ ಮಾಡುವ, ಯಾಕೆಂದು ಯಾರೂ ಕೇಳದ ಕೆಲಸಗಳು, ಆಗ ಒಂದು ಥರ ಅನ್ನಿಸಿ ಈಗ ಬೇರೆ ಥರ ಅನ್ನಿಸುವ ಸಂಗತಿಗಳು. ಎರಡು ವಾರದಲ್ಲಿ 30 ಸಾಲಾದರೂ ಸಿಗುತ್ತದೆ. ಅದರಲ್ಲಿ ಯಾವ ಸಾಲನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತೋ ಅದನ್ನು ಆರಿಸಿಕೊಳ್ಳಬೇಕು. ಆರಿಸಿದ್ದಕ್ಕೆ ಒಂದು ಸ್ಥಳ, ಒಂದು ಹೊತ್ತು, ಇನ್ನೊಬ್ಬ ಮನುಷ್ಯ ಇದ್ದಾರೆಯೇ? ಅದರಲ್ಲಿ ‘ನಾನು’ ಪೂರ್ತಿ ಸರಿಯಿಲ್ಲದ ಒಂದು ಕ್ಷಣ ಇದೆಯೇ? ಉತ್ತರ ಇನ್ನೂ ಗೊತ್ತಿಲ್ಲದ ಪ್ರಶ್ನೆ ಇದೆಯೇ? ಮೂರಕ್ಕೂ ಹೌದಾದರೆ ಮುಂದುವರಿಯಲಿ. ಮೂರನೆಯದಕ್ಕೆ ಇಲ್ಲ ಎಂದಾದರೆ ಬೇರೆ ಸಾಲು ಹುಡುಕಲಿ. ಉತ್ತರ ಮೊದಲೇ ಗೊತ್ತಿರುವ ಪ್ರಬಂಧ ಬರೆಯುವ ಮುಂಚೆಯೇ ಮುಗಿದಿರುತ್ತದೆ.

ಭಾರತೀಯ ಮೂಲದ ಮಕ್ಕಳಿಂದ ಪದೇ ಪದೇ ಬರುವ ಕೆಲವು ವಿಷಯಗಳಿವೆ. ಶಾಲೆಯಲ್ಲಿ ಡಬ್ಬಿ ಬಿಚ್ಚಿದಾಗ ಪಕ್ಕದವರು ಮೂಗು ಮುಚ್ಚಿಕೊಂಡದ್ದು. ಟೀಚರ್ ಹೆಸರನ್ನು ತಪ್ಪಾಗಿ ಕರೆದದ್ದು. ಬೇಸಿಗೆ ರಜೆಗೆ ಊರಿಗೆ ಹೋದಾಗ ಸಿಗ್ನಲ್‌ನಲ್ಲಿ ಭಿಕ್ಷೆ ಬೇಡುವ ಮಗುವನ್ನು ಕಂಡು ‘ನಾನು ಎಷ್ಟು ಅದೃಷ್ಟವಂತೆ’ ಎಂದುಕೊಂಡದ್ದು. ಭರತನಾಟ್ಯ ರಂಗಪ್ರವೇಶ. ಅಜ್ಜಿಯ ಅಡುಗೆಮನೆ. ಇವನ್ನು ಬರೆಯಲೇಬಾರದು ಎಂದಲ್ಲ. ಡಬ್ಬಿಯ ಕಥೆಯಲ್ಲಿ ಮೂಗು ಮುಚ್ಚಿಕೊಂಡವರ ಕಡೆಗೇ ಎಲ್ಲರ ಗಮನ, ಹಾಗಾಗಿ ಬರೆದವಳು ಬರೀ ಪಾಪದವಳಾಗಿ ಉಳಿಯುತ್ತಾಳೆ. ಅದೇ ಹುಡುಗಿ ಮರುವರ್ಷ ಹೊಸದಾಗಿ ಬಂದ ಇನ್ನೊಬ್ಬಳ ಡಬ್ಬಿ ಕಂಡು ತಾನೂ ದೂರ ಸರಿದು ಕೂತಿದ್ದರೆ? ಅದು ಪ್ರಬಂಧ. ಸಿಗ್ನಲ್‌ನ ಮಗುವಿನ ಪ್ರಬಂಧವನ್ನು ಮಾತ್ರ ನಿಜಕ್ಕೂ ಬಿಟ್ಟುಬಿಡುವುದು ಒಳ್ಳೆಯದು. ಇನ್ನೊಬ್ಬರ ಬಡತನ ಅಲ್ಲಿ ನಮ್ಮ ಕೃತಜ್ಞತೆಗೆ ಒಂದು ನೆಪ, ಅಷ್ಟೇ. ಕನ್ನಡ ಕೂಟದ ವಾರಾಂತ್ಯದ ತರಗತಿಗೆ ನಾಲ್ಕು ವರ್ಷ ಹೋಗಿ, ಓದಲು ಕಲಿತು, ಮಾತಾಡಲು ಮಾತ್ರ ಬಾರದೆ ಉಳಿದ ಮಕ್ಕಳು ಎಷ್ಟೋ ಮಂದಿ. ಅದನ್ನು ಯಾಕೆ ಯಾರೂ ಬರೆಯುವುದಿಲ್ಲವೋ.

ಅಜ್ಜಿಯ ವಿಷಯವನ್ನೇ ತೆಗೆದುಕೊಂಡು ವ್ಯತ್ಯಾಸ ತೋರಿಸುತ್ತೇನೆ. ಪ್ರಬಂಧ ಇಂಗ್ಲಿಷಿನಲ್ಲಿರುತ್ತದೆ, ಆದರೆ ಮಾತು ಅರ್ಥವಾಗಲು ಕನ್ನಡದ ಮಾದರಿ ಸಾಕು. ಎರಡನ್ನೂ ಇದಕ್ಕಾಗಿಯೇ ಕಟ್ಟಿದ್ದು. ಮೊದಲನೆಯದು:

“ನನ್ನ ಅಜ್ಜಿ ತುಂಬಾ ಪ್ರೀತಿಯ ಜೀವ. ಸಾವಿರಾರು ಮೈಲಿ ದೂರವಿದ್ದರೂ ನಮ್ಮ ಬಾಂಧವ್ಯ ಗಟ್ಟಿಯಾಗಿತ್ತು. ಅವರಿಂದ ನಾನು ನಮ್ಮ ಸಂಸ್ಕೃತಿಯ ಮೌಲ್ಯಗಳನ್ನು ಕಲಿತೆ. ಭಾಷೆ ಅಡ್ಡಿಯಾದರೂ ಪ್ರೀತಿಗೆ ಭಾಷೆ ಬೇಕಿಲ್ಲ ಎಂದು ನನಗೆ ಅರ್ಥವಾಯಿತು.”

ಎರಡನೆಯದು:

“ವಿಡಿಯೊ ಕರೆಯಲ್ಲಿ ಫೋನ್ ಎಲ್ಲಿ ಹಿಡಿಯಬೇಕೆಂದು ಅಜ್ಜಿಗೆ ಕೊನೆಗೂ ಗೊತ್ತಾಗಲಿಲ್ಲ. ನಾನು ಮಾತಾಡಿದ್ದೆಲ್ಲ ಅವರ ಹಣೆಯ ಜೊತೆ, ಇಲ್ಲವೇ ಫ್ಯಾನಿನ ಜೊತೆ. ‘ಊಟ ಆಯ್ತಾ?’ ಎನ್ನುತ್ತಿದ್ದರು. ‘ಆಯ್ತು’ ಎನ್ನುತ್ತಿದ್ದೆ. ಆಗಿರದಿದ್ದರೂ ಆಯ್ತು. ಆಗಿಲ್ಲ ಎಂದರೆ ಅವರು ಯಾಕೆ ಎಂದು ಕೇಳುತ್ತಾರೆ, ಆ ಯಾಕೆಗೆ ಬೇಕಾದ ಕನ್ನಡ ನನ್ನ ಹತ್ತಿರ ಇರಲಿಲ್ಲ.”

ಎರಡನೆಯದರಲ್ಲಿ ಪ್ರೀತಿ ಎಂಬ ಶಬ್ದವೇ ಇಲ್ಲ, ಸಂಸ್ಕೃತಿಯೂ ಇಲ್ಲ. ಆದರೆ ಬೇರೆ ಯಾರೂ ಬರೆಯಲಾಗದ ಎರಡು ವಿವರಗಳಿವೆ, ಹಣೆ ಮತ್ತು ಫ್ಯಾನು. ಬರೆದವಳು ಸುಳ್ಳು ಹೇಳಿದ್ದಾಳೆ, ಆ ಸುಳ್ಳಿಗೆ ಒಂದು ಕಾರಣವಿದೆ, ಆ ಕಾರಣ ಅವಳಿಗೆ ಗೊತ್ತಾದದ್ದು ಆಗ ಅಲ್ಲ, ಈಗ. ಹೀಗೆ ಆಗಿನ ‘ನಾನು’ ಮತ್ತು ಈಗಿನ ‘ನಾನು’ ಇಬ್ಬರೂ ಒಂದೇ ಪುಟದಲ್ಲಿ ಇರುವುದೇ ಈ ಪ್ರಕಾರದ ಯಂತ್ರ. ಆಗಿನವಳಿಗೆ ಕಂಡದ್ದು, ಕೇಳಿಸಿದ್ದು, ಮಾಡಿದ್ದು ಮಾತ್ರ ಗೊತ್ತು. ಈಗಿನವಳಿಗೆ ಅನುಮಾನಗಳಿವೆ. ಮೊದಲ ಮಾದರಿಯಲ್ಲಿ ಇಬ್ಬರೂ ಇಲ್ಲ, ಶುಭಾಶಯ ಪತ್ರದ ದನಿಯೊಂದು ಮಾತಾಡುತ್ತಿದೆ.

ಕರ್ನಾಟಕದಲ್ಲಿ ಓದಿದ ನಿಮಗೆ ಖಂಡಿತ ಇರುವ ಒಂದು ಅಭ್ಯಾಸದ ಬಗ್ಗೆ ಎಚ್ಚರ ಬೇಕು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಎಸ್‌ಎಸ್‌ಎಲ್‌ಸಿ ಕನ್ನಡ ಪತ್ರಿಕೆಯಲ್ಲಿ ಅಂಕ ತಂದುಕೊಟ್ಟ ಆ ಚೌಕಟ್ಟು ಇಲ್ಲಿ ಮೊದಲ ಪುಟದಲ್ಲೇ ಕೆಲಸ ಕೆಡಿಸುತ್ತದೆ. ಪೀಠಿಕೆ ಓದುಗನಿಗೆ ತೀರ್ಮಾನವನ್ನು ಮೊದಲೇ ಕೊಟ್ಟುಬಿಡುತ್ತದೆ. ಉಪಸಂಹಾರ ಅದನ್ನೇ ಇನ್ನೊಮ್ಮೆ ನೀತಿಯಾಗಿ ಹೇಳುತ್ತದೆ. ನಡುವೆ ಹುಡುಕಲು ಏನೂ ಉಳಿದಿರುವುದಿಲ್ಲ. ಅಮೆರಿಕದ ಶಾಲೆಗಳ ಐದು ಪ್ಯಾರಾ ಪ್ರಬಂಧವೂ ಇದರ ಸೋದರಸಂಬಂಧಿಯೇ, ಆದ್ದರಿಂದ ಮಗಳಿಗೂ ಇದು ಅಂಟಿರುತ್ತದೆ. ಕರಡು ಮುಗಿದ ಮೇಲೆ ಒಂದು ಪರೀಕ್ಷೆ ಮಾಡಲಿ: ಮೊದಲ ಪ್ಯಾರಾವನ್ನೂ ಕೊನೆಯ ಪ್ಯಾರಾವನ್ನೂ ಕೈಯಿಂದ ಮುಚ್ಚಿ ಉಳಿದದ್ದನ್ನು ಓದಲಿ. ಹತ್ತಕ್ಕೆ ಏಳು ಸಲ ಪ್ರಬಂಧ ಸುಧಾರಿಸಿರುತ್ತದೆ. ಮೊದಲ ಪ್ಯಾರಾದಲ್ಲಿ ಬೇಕೇಬೇಕಾದ ಒಂದು ಮಾಹಿತಿ ಇದ್ದರೆ ಅದನ್ನು ಒಂದು ವಾಕ್ಯ ಮಾಡಿ ಎರಡನೆಯದರೊಳಗೆ ಸೇರಿಸಬಹುದು.

ಇದಕ್ಕೆ ವಿರುದ್ಧವಾಗಿ, ಕನ್ನಡದ ಲಲಿತ ಪ್ರಬಂಧದಿಂದ ತೆಗೆದುಕೊಳ್ಳಬಹುದಾದ್ದು ಬಹಳ ಇದೆ. ತನ್ನನ್ನು ತಾನೇ ನಗುವುದು, ಕೊಡೆ, ಚಪ್ಪಲಿ, ನೆಗಡಿಯಂಥ ಕ್ಷುಲ್ಲಕ ವಸ್ತುವಿನ ಸುತ್ತ ಅಡ್ಡಾಡುತ್ತ ಅಡ್ಡಾಡುತ್ತ ಎಲ್ಲಿಗೋ ಮುಟ್ಟುವುದು. ಹೈಸ್ಕೂಲ್ ಸ್ಪರ್ಧೆಗಳಿಗೆ ಬರುವ ಪ್ರಬಂಧಗಳಲ್ಲಿ ನಗು ಬಹಳ ಕಡಿಮೆ. ದುಃಖವಿದ್ದರೆ ಮಾತ್ರ ಗಂಭೀರ ಎಂದು ಮಕ್ಕಳು ತಿಳಿದಿರುತ್ತಾರೆ. ಇಪ್ಪತ್ತು ಶೋಕಗಳ ನಂತರ ಒಂದು ನಿಜವಾದ ನಗು ಸಿಕ್ಕರೆ ತೀರ್ಪುಗಾರ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ. ಮಗಳಿಗೆ ಹಾಸ್ಯ ಸಹಜವಾಗಿದ್ದರೆ ಅದನ್ನು ಅದುಮಬೇಡಿ.

ಈಗ ಕಾಲ ಮತ್ತು ಪದಗಳ ಲೆಕ್ಕ. ಸೆಪ್ಟೆಂಬರ್‌ನ ಎರಡು ವಾರ ನೋಟ್‌ಬುಕ್‌ಗೆ. ಅಕ್ಟೋಬರ್ ಮೊದಲ ವಾರದಲ್ಲಿ ಮೊದಲ ಕರಡು, 1,800ರಿಂದ 2,000 ಪದ, ಎರಡು ಕೂರುವಿಕೆಯಲ್ಲಿ, ತಿದ್ದದೆ. ನಂತರ ಹತ್ತು ದಿನ ಅದನ್ನು ತೆರೆಯಬಾರದು. ಈ ಅಂತರ ಸೋಮಾರಿತನವಲ್ಲ. ಬರೆದ ಮರುದಿನ ಓದಿದರೆ ಪುಟದಲ್ಲಿ ಇಲ್ಲದ್ದನ್ನೂ ನೆನಪು ತುಂಬಿಕೊಡುತ್ತದೆ, ಹತ್ತು ದಿನದ ನಂತರ ತುಂಬುವುದಿಲ್ಲ, ತೂತುಗಳು ಕಾಣುತ್ತವೆ. ಎರಡನೇ ಕರಡಿನಲ್ಲಿ ಕಾಲು ಭಾಗ ಕಡಿಯಬೇಕು. ಕಳಿಸುವ ಪ್ರತಿ 1,200ರಿಂದ 1,600 ಪದದ ಸುತ್ತ ನಿಂತರೆ ಒಳ್ಳೆಯದು. ನಿಯಮ 500ಕ್ಕೂ ಒಪ್ಪುತ್ತದೆ, ಆದರೆ ಅಷ್ಟರಲ್ಲಿ ಒಂದು ದೃಶ್ಯ ಹಿಡಿಯುತ್ತದೆಯೇ ಹೊರತು ಅದರ ಬಗ್ಗೆ ಯೋಚಿಸಲು ಜಾಗ ಉಳಿಯುವುದಿಲ್ಲ. 3,000ಕ್ಕೆ ಎಳೆದರೆ ಹದಿನೈದರ ವಯಸ್ಸಿನವರಲ್ಲಿ ನಡುಭಾಗ ಸಾಮಾನ್ಯವಾಗಿ ಜೋತುಬೀಳುತ್ತದೆ.

ಒಳಗಿನ ಹಂಚಿಕೆಯಲ್ಲಿ ಮೂರರಲ್ಲಿ ಎರಡು ಪಾಲು ದೃಶ್ಯ, ಒಂದು ಪಾಲು ಯೋಚನೆ ಎಂದಿಟ್ಟುಕೊಳ್ಳಿ. ಮುಖ್ಯವಾದ್ದು ಯೋಚನೆ ಎಲ್ಲಿ ಬರುತ್ತದೆ ಎಂಬುದು. ಅದನ್ನೆಲ್ಲ ಕೊನೆಗೆ ಕೂಡಿಹಾಕಿದರೆ ಉಪಸಂಹಾರವೇ ಆಗುತ್ತದೆ. ಸುಮಾರು 400 ಪದ ಆದ ಮೇಲೆ ಒಮ್ಮೆ ನಿಂತು ಯೋಚಿಸಲಿ, 900ರ ಹೊತ್ತಿಗೆ ಆ ಯೋಚನೆಯನ್ನೇ ಅನುಮಾನಿಸಲಿ. ಕೊನೆಯಲ್ಲಿ ದೃಶ್ಯವಿರಲಿ, ಮಾತಿರಲಿ, ಒಂದು ಕೆಲಸವಿರಲಿ, ‘ಅಂದಿನಿಂದ ನಾನು ಕಲಿತೆ’ ಎಂಬುದು ಮಾತ್ರ ಬೇಡ. ಆರಂಭದಲ್ಲಿ ಬೇಡವಾದವು ಇನ್ನೂ ಸುಲಭವಾಗಿ ಗುರುತು ಸಿಗುತ್ತವೆ: ಅಲಾರಂ ಬಡಿಯುವುದು, ನಿಘಂಟಿನ ಅರ್ಥ, ಆಸ್ಪತ್ರೆಯ ಬಿಳಿ ದೀಪ, ಯಾರು ಆಡಿದರೆಂದು ತಿಳಿಯದ ಸಂಭಾಷಣೆ, ಹುಟ್ಟಿದ ಆಸ್ಪತ್ರೆಯಿಂದ ಶುರುವಾಗುವ ಜೀವನಚರಿತ್ರೆ. ಕನ್ನಡ ಶಬ್ದಗಳು ಬಂದರೆ ಓರೆ ಅಕ್ಷರ ಬೇಡ, ಪಕ್ಕದಲ್ಲಿ ಅರ್ಥವೂ ಬೇಡ. ಅಜ್ಜಿ ‘ಹೂಂ’ ಎಂದರೆ ಸಂದರ್ಭದಿಂದಲೇ ಅದು ಒಪ್ಪಿಗೆಯೋ ಮುನಿಸೋ ತಿಳಿಯುವಂತೆ ಬರೆಯುವುದು ಬರೆಯುವವರ ಕೆಲಸ.

ನವೆಂಬರ್‌ನಲ್ಲಿ ಗಟ್ಟಿಯಾಗಿ ಓದುವ ಸುತ್ತು. ಮಗಳು ಓದಲಿ, ನೀವು ಕೇಳಿ, ಕೈಯಲ್ಲಿ ಪೆನ್ ಇಲ್ಲದೆ. ಎಲ್ಲಿ ಅವಳ ನಾಲಿಗೆ ಎಡವಿತೋ ಅಲ್ಲಿ ವಾಕ್ಯ ಅವಳದಲ್ಲ, ಎಲ್ಲಿಂದಲೋ ಬಂದದ್ದು. ಎಲ್ಲಿ ಓದುವ ವೇಗ ತಾನಾಗಿ ಹೆಚ್ಚಿತೋ ಅಲ್ಲಿ ಅವಳಿಗೇ ಬೇಸರವಾಗಿದೆ, ಅದು ಹೋಗಬಹುದು. ಶೀರ್ಷಿಕೆ ಕೊನೆಗೆ. ‘ನನ್ನ ಪಯಣ’ದಂಥವು ಒಂದು ಅವಕಾಶವನ್ನು ವ್ಯರ್ಥಮಾಡಿದ ಹಾಗೆ. ಮೇಲಿನ ಮಾದರಿಗೆ ‘ಊಟ ಆಯ್ತಾ’ ಎಂದೇ ಇಡಬಹುದು. ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಅಪ್‌ಲೋಡ್ ಮಾಡಿ. ಸಹಿ, ಶುಲ್ಕ ಎರಡೂ ಆದವೇ ಎಂದು ಅದೇ ದಿನ ನೋಡಿ.

ತಿದ್ದುವುದರ ಬಗ್ಗೆ ಕೇಳಿದಿರಿ. ವಾಕ್ಯಗಳನ್ನು ಮುಟ್ಟಬೇಡಿ. ಇದು ನೀತಿಯ ಮಾತಷ್ಟೇ ಅಲ್ಲ, ಲೆಕ್ಕಾಚಾರವೂ ಹೌದು. ಹದಿಹರೆಯದವರ ನೂರಾರು ಪುಟ ಓದುವವರಿಗೆ ನಲವತ್ತೈದರ ವಯಸ್ಸಿನ ಒಂದು ವಾಕ್ಯ ಹದಿನೈದರ ವಾಕ್ಯಗಳ ನಡುವೆ ಬಂದರೆ ತಟ್ಟನೆ ಗೊತ್ತಾಗುತ್ತದೆ. ದನಿಗೆ ಸಿಗಬೇಕಾದ ಅಂಕ ಅಲ್ಲಿಗೆ ಹೋಯಿತು. ಪದಕೋಶದಿಂದ ಎತ್ತಿದ ದೊಡ್ಡ ಶಬ್ದಗಳೂ ಇದೇ ಹಾನಿ ಮಾಡುತ್ತವೆ. ನೀವು ಮಾಡಬಹುದಾದ್ದು ಪ್ರಶ್ನೆ ಕೇಳುವುದು: ಆಗ ಅಲ್ಲಿ ಇನ್ಯಾರಿದ್ದರು? ಅವರು ನಿಜವಾಗಿ ಏನು ಅಂದರು? ನಿನಗೆ ಸಿಟ್ಟು ಬಂತಾ, ಬಂದಿತ್ತು ಎಂದು ಈಗ ಅನ್ನಿಸುತ್ತಿದೆಯಾ? ಟೀಚರ್ ಒಮ್ಮೆ, ಸ್ನೇಹಿತೆ ಒಮ್ಮೆ ಓದಲಿ, ಅಷ್ಟು ಸಾಕು. ಐದು ಜನರ ಸಲಹೆ ಸೇರಿಸಿದ ಪ್ರಬಂಧ ಯಾರದ್ದೂ ಅಲ್ಲದ ದನಿಯಲ್ಲಿ ಮಾತಾಡುತ್ತದೆ.

ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನು ಈ ಸ್ಪರ್ಧೆ ಒಪ್ಪುವುದಿಲ್ಲ. ‘ಬರೆಸುವುದಿಲ್ಲ, ನುಣುಪು ಮಾಡಿಸುತ್ತೇನೆ’ ಎಂಬ ವಾದವನ್ನು ಮಕ್ಕಳು ಹೂಡುತ್ತಾರೆ. ಆ ನುಣುಪೇ ತೊಂದರೆ. ಸಾಧನ ಮೊದಲು ಅಳಿಸುವುದು ಹಣೆ, ಫ್ಯಾನುಗಳಂಥ ಒರಟು ವಿವರಗಳನ್ನು. ಸೇರಿಸುವುದು ‘ಆ ಕ್ಷಣದಲ್ಲಿ ನನಗೆ ಅರಿವಾಯಿತು’ ಎಂಬಂಥವನ್ನು. ಇನ್ನೊಂದು ಎಚ್ಚರಿಕೆ: ನೋಟ್‌ಬುಕ್ ಮತ್ತು ಎಲ್ಲ ಕರಡುಗಳನ್ನೂ ತಾರೀಕಿನೊಂದಿಗೆ ಉಳಿಸಿಕೊಳ್ಳಲಿ. ಯಾರಾದರೂ ಅನುಮಾನಪಟ್ಟರೆ ತೋರಿಸಲು ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಮನೆಯ ವಿಷಯ. ಗೆದ್ದ ಕೃತಿಗಳು ಬರೆದವರ ಹೆಸರಿನೊಂದಿಗೆ ಆನ್‌ಲೈನ್‌ನಲ್ಲಿ ಪ್ರಕಟವಾಗಬಹುದು, ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಚಿಕ್ಕಪ್ಪನ ಕುಡಿತ, ಅಕ್ಕನ ಕಾಯಿಲೆ, ಅಪ್ಪನ ಕೆಲಸ ಹೋದದ್ದು, ಇವುಗಳಲ್ಲಿ ಒಂದು ಪಾಲು ಮಾತ್ರ ಮಗಳದು. ಕಳಿಸುವ ಮುಂಚೆ ಆ ವ್ಯಕ್ತಿಗೆ ಓದಲು ಕೊಡುವುದು ಸರಿಯಾದ ಕ್ರಮ. ಅದು ಸಾಧ್ಯವಿಲ್ಲದಿದ್ದರೆ ಹೆಸರು, ಊರು, ಕೆಲಸ ಬದಲಿಸಬಹುದು. ಹಳೆಯ ಸಂಭಾಷಣೆಯನ್ನು ನೆನಪಿನಿಂದ ಮತ್ತೆ ಕಟ್ಟುವುದೂ ಈ ಪ್ರಕಾರದಲ್ಲಿ ಸಲ್ಲುತ್ತದೆ. ನಡೆಯದ ಘಟನೆಯನ್ನು ಸೇರಿಸುವುದು, ಇಬ್ಬರನ್ನು ಒಬ್ಬರಾಗಿಸುವುದು ಸಲ್ಲುವುದಿಲ್ಲ. ಅದಕ್ಕೆ ಸಣ್ಣಕಥೆಯ ವಿಭಾಗವಿದೆ. ಅಮೆರಿಕದಲ್ಲಿ ಶಿಕ್ಷಕರು ಮಕ್ಕಳ ಮೇಲಿನ ದೌರ್ಜನ್ಯದ ಸಂಶಯ ಬಂದರೆ ವರದಿ ಮಾಡಲು ಕಾನೂನಿನಿಂದಲೇ ಬದ್ಧರು ಎಂಬುದೂ ತಿಳಿದಿರಲಿ. ಅಪ್ಪ ಹೊಡೆದ ದೃಶ್ಯ ಪ್ರಬಂಧದಲ್ಲಿದ್ದರೆ ಟೀಚರ್ ಅದನ್ನು ಬರೀ ಸಾಹಿತ್ಯವಾಗಿ ಓದಿ ಸುಮ್ಮನಿರಲಾರರು. ಇದನ್ನು ಹೇಳುತ್ತಿರುವುದು ಮುಚ್ಚಿಡಲಿ ಎಂದಲ್ಲ. ಮಗುವಿಗೆ ನಿಜವಾಗಿ ಸಹಾಯ ಬೇಕಿದ್ದರೆ ಸ್ಪರ್ಧೆಯ ಫಲಿತಾಂಶದವರೆಗೆ ಕಾಯದೆ ಯಾರೊಂದಿಗಾದರೂ ನೇರವಾಗಿ ಮಾತಾಡುವುದು ಒಳ್ಳೆಯದು.

ಕಾಲೇಜಿನ ಮಟ್ಟಿಗೆ ಉಪಯೋಗವಿದೆ, ಮಿತವಾಗಿ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಕಳಿಸಲು ಬಳಸುವ ಕಾಮನ್ ಆ್ಯಪ್‌ನಲ್ಲಿ ಗೌರವಗಳ ಪಟ್ಟಿಗೆ ಐದು ಜಾಗ ಇವೆ, ಪ್ರದೇಶದ ಗೋಲ್ಡ್ ಕೀ ಅಲ್ಲಿ ಧಾರಾಳವಾಗಿ ಕೂರುತ್ತದೆ. ಆದರೆ ಸಮಯ ನೋಡಿಕೊಳ್ಳಿ. ಪ್ರದೇಶದ ಫಲಿತಾಂಶ ಜನವರಿ ಕೊನೆಯಿಂದ ಬರತೊಡಗುತ್ತದೆ, ರಾಷ್ಟ್ರಮಟ್ಟದ್ದು ಮಾರ್ಚ್‌ನಲ್ಲಿ. ಬಹಳ ಕಾಲೇಜುಗಳಿಗೆ ಸಾಮಾನ್ಯ ಅರ್ಜಿ ಜನವರಿಯ ಆರಂಭದಲ್ಲೇ ಮುಗಿದಿರುತ್ತದೆ. ಅಂದರೆ ಹನ್ನೆರಡನೇ ತರಗತಿಯಲ್ಲಿ ಕಳಿಸಿದ್ದು ಅರ್ಜಿಗೆ ತಡವಾಗಿ ಸಿಗುತ್ತದೆ, ಹತ್ತು ಮತ್ತು ಹನ್ನೊಂದರಲ್ಲಿ ಕಳಿಸಿದ್ದೇ ಲೆಕ್ಕಕ್ಕೆ. ನಿಮ್ಮ ಮಗಳಿಗೆ ಇಂಥ ಎರಡು ಸುತ್ತು ಇವೆ. ಗೆದ್ದ ಪ್ರಬಂಧವನ್ನೇ ಕತ್ತರಿಸಿ ಕಾಲೇಜು ಪ್ರಬಂಧ ಮಾಡುವ ಆಸೆ ಬರುತ್ತದೆ. ಕಾಮನ್ ಆ್ಯಪ್‌ನ ಮಿತಿ 650 ಪದ. 1,500ನ್ನು 650ಕ್ಕೆ ಇಳಿಸುವಾಗ ಮೊದಲು ಹೋಗುವುದು ಅನುಮಾನ, ಉಳಿಯುವುದು ತೀರ್ಮಾನ. ಹಾಗಾಗಿ ಹೊಸದಾಗಿ ಬರೆಯುವುದೇ ಸುಲಭ. ನೋಟ್‌ಬುಕ್‌ನಲ್ಲಿ ಇನ್ನೂ 29 ಸಾಲು ಇವೆಯಲ್ಲ.

ಇನ್ನು ಮೈಸೂರಿನ ಹುಡುಗ. ನ್ಯೂಯಾರ್ಕ್ ಟೈಮ್ಸ್‌ನ ಲರ್ನಿಂಗ್ ನೆಟ್‌ವರ್ಕ್ ನಡೆಸುವ ವಿದ್ಯಾರ್ಥಿ ಸ್ಪರ್ಧೆಗಳು ಜಗತ್ತಿನ ಹೈಸ್ಕೂಲ್ ಮಕ್ಕಳಿಗೆಲ್ಲ ತೆರೆದಿವೆ, ಶುಲ್ಕವಿಲ್ಲ. ಆತ್ಮಕಥನದ ಸ್ಪರ್ಧೆಯನ್ನು ಅವರು ಒಂದೊಂದು ವರ್ಷ ಒಂದೊಂದು ರೂಪದಲ್ಲಿ ನಡೆಸಿದ್ದಾರೆ, ಒಮ್ಮೆ 600 ಪದದ ಕಥನ, ಇನ್ನೊಮ್ಮೆ ಬರೀ 100 ಪದದ ಪುಟ್ಟ ನೆನಪು. ಆ ವರ್ಷದ ಪಟ್ಟಿ ನೋಡಿಯೇ ತಯಾರಾಗಬೇಕು. 100 ಪದದ್ದು ಸುಲಭವೆಂದು ಕಾಣುತ್ತದೆ, ಆದರೆ ಸುಲಭವಲ್ಲ. ಅಲ್ಲಿ ಒಂದೇ ದೃಶ್ಯ, ಒಂದೇ ತಿರುವು, ಎರಡನೇ ವಿಶೇಷಣಕ್ಕೆ ಜಾಗವಿಲ್ಲ. ಇನ್ನೊಂದು ಕ್ವೀನ್ಸ್ ಕಾಮನ್‌ವೆಲ್ತ್ ಎಸ್ಸೆ ಕಾಂಪಿಟಿಷನ್. ರಾಯಲ್ ಕಾಮನ್‌ವೆಲ್ತ್ ಸೊಸೈಟಿ 1883ರಿಂದ ನಡೆಸಿಕೊಂಡು ಬಂದಿರುವ ಇದಕ್ಕೆ ಭಾರತದ ಮಕ್ಕಳು ಅರ್ಹರು, ಶುಲ್ಕವಿಲ್ಲ. ಹಿರಿಯರ ವಿಭಾಗ 14ರಿಂದ 18 ವರ್ಷದವರಿಗೆ, 1,500 ಪದದವರೆಗೆ. ಅದಕ್ಕಿಂತ ಚಿಕ್ಕವರಿಗೆ 750. ವರ್ಷಕ್ಕೊಂದು ವಿಷಯ ಕೊಡುತ್ತಾರೆ, ಅದರೊಳಗೆ ಕೆಲವು ಪ್ರಶ್ನೆಗಳು. ಭಾಷಣದ ದನಿಗೆ ಜಾರುವುದು ಅಲ್ಲಿ ಬಹಳ ಸುಲಭ. ನದಿಗಳ ಬಗ್ಗೆ ಕೇಳಿದರೆ ‘ನದಿಗಳು ನಾಗರಿಕತೆಯ ತೊಟ್ಟಿಲು’ ಎಂದು ಶುರುಮಾಡದೆ, ತನ್ನ ಬೀದಿಯ ನಲ್ಲಿಯಲ್ಲಿ ಕಾವೇರಿ ನೀರು ಯಾವ ಹೊತ್ತಿಗೆ ಬರುತ್ತದೆ, ಬಾರದ ದಿನ ಮನೆಯಲ್ಲಿ ಯಾರ ಕೆಲಸ ಹೆಚ್ಚಾಗುತ್ತದೆ ಎಂಬಲ್ಲಿಂದ ಶುರುಮಾಡಿದರೆ ಅವನ ಪ್ರಬಂಧ ಅಲ್ಲೂ ಬೇರೆಯಾಗಿ ನಿಲ್ಲುತ್ತದೆ.

ಇಬ್ಬರ ಇಮೇಲ್‌ಗೂ ಇನ್ನೊಂದು ಬಗೆಯ ಸ್ಪರ್ಧೆಯ ಆಹ್ವಾನಗಳು ಬರುತ್ತವೆ. ಕಳಿಸಿದ ಎರಡೇ ದಿನಕ್ಕೆ ‘ನಿಮ್ಮ ಕೃತಿ ಆಯ್ಕೆಯಾಗಿದೆ’ ಎಂಬ ಅಭಿನಂದನೆ, ಜೊತೆಗೆ ಸಂಕಲನದ ಪ್ರತಿಗೆ, ಫಲಕಕ್ಕೆ, ಸಮಾರಂಭದ ನೋಂದಣಿಗೆ ಹಣ. ಹಿಂದಿನ ವರ್ಷಗಳ ವಿಜೇತರ ಪ್ರಬಂಧಗಳನ್ನು ಓದಲು ಇಟ್ಟಿದ್ದಾರೆಯೇ, ತೀರ್ಪಿನ ಮಾನದಂಡ ಬರೆದಿದ್ದಾರೆಯೇ, ಕಳಿಸಿದವರೆಲ್ಲ ಗೆಲ್ಲುತ್ತಿದ್ದಾರೆಯೇ ಎಂದು ನೋಡಿ. ಮೊದಲೆರಡು ಇಲ್ಲ, ಮೂರನೆಯದು ಹೌದು ಎಂದಾದರೆ ಆ ಮೇಲ್ ಅಳಿಸಿಬಿಡಿ.